ಟೊನ್‌ಸಾಯ್ ಬಂಡೆ, ತರುಟಾವ್ ಕಾಡು: ಹದಿನಾಲ್ಕು ದಿನದ ಒಂದು ಪ್ರವಾಸ ಯೋಜನೆಯ ಪ್ರಕರಣ ಅಧ್ಯಯನ

ತಂಡ ಬೆಂಗಳೂರಿನದು, ನಾಲ್ಕು ಜನ. ಇಬ್ಬರು ಬಾದಾಮಿಯ ಮರಳುಗಲ್ಲಿನ ಮೇಲೆ 6ಎ ದರ್ಜೆಯನ್ನು ನಿರಾಳವಾಗಿ, ಅದಕ್ಕಿಂತ ಕಷ್ಟದ 6ಬಿಯನ್ನು ತಿಣುಕಿ ಲೀಡ್ ಮಾಡುವವರು, ಅಂದರೆ ಹಗ್ಗವನ್ನು ಕೆಳಗಿನಿಂದ ಸಿಕ್ಕಿಸುತ್ತಾ ಮೊದಲು ಹತ್ತುವವರು. ಇನ್ನಿಬ್ಬರು ರಾಮನಗರದಲ್ಲಿ ಟಾಪ್‌ರೋಪ್, ಅಂದರೆ ಮೇಲಿನಿಂದ ಇಳಿಬಿಟ್ಟ ಹಗ್ಗದ ಆಸರೆಯಲ್ಲಿ, ಹತ್ತಿದವರು. ಘಟ್ಟದ ಕಾಡಿನಲ್ಲಿ ಚೀಲ ಹೊತ್ತು ನಡೆದ ಅಭ್ಯಾಸವುಳ್ಳವರು. ಕೈಯಲ್ಲಿರುವ ರಜೆ 14 ದಿನ. ಥಾಯ್ಲೆಂಡಿನ ಅಂಡಮಾನ್ ಕರಾವಳಿಯಲ್ಲಿ ಸುಣ್ಣಕಲ್ಲಿನ ಬಂಡೆ ಹತ್ತಬೇಕು, ಒಂದು ದ್ವೀಪದಲ್ಲಿ ಡೇರೆ ಹಾಕಿ ನಡೆಯಬೇಕು ಎಂಬುದು ಆಸೆ.

ಮೊದಲು ಬರೆದ ಯೋಜನೆ ಹೀಗಿತ್ತು: ಟಿಕೆಟ್ ಅಗ್ಗವೆಂದು ಮೇ ತಿಂಗಳ ಮೂರನೇ ವಾರ ಹೊರಡುವುದು. ಫುಕೆಟ್, ಫಿ ಫಿ, ರೈಲೇ, ಲಾಂಟಾ, ತರುಟಾವ್, ಪ್ರತಿಯೊಂದರಲ್ಲೂ ಎರಡು ಅಥವಾ ಮೂರು ರಾತ್ರಿ. ತರುಟಾವ್ ದ್ವೀಪವನ್ನು ಉತ್ತರದಿಂದ ದಕ್ಷಿಣಕ್ಕೆ ಎರಡು ದಿನದಲ್ಲಿ ನಡೆದು ವಾಪಸ್. ನಾಲ್ವರಿಗೂ ಸೇರಿ 60 ಮೀಟರಿನ ಒಂದೇ ಹಗ್ಗ. ಜೊತೆಗೆ ರೈಲೇ ಪಕ್ಕದ ಟೊನ್‌ಸಾಯ್‌ನಲ್ಲಿ ಐದು ಪಿಚ್‌ನ, ಅಂದರೆ ಹಗ್ಗದ ಐದು ಹಂತಗಳಲ್ಲಿ ಹತ್ತುವ, ‘ಹ್ಯುಮಾನಾಲಿಟಿ’ ಎಂಬ ದಾರಿ.

ಈ ಯೋಜನೆಯಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಕಟ್ಟಿದ ಕ್ರಮ ಮಾತ್ರ ತಿರುಗುಮುರುಗು. ಸಮುದ್ರದಂಚಿನ ಉಷ್ಣವಲಯದ ಬಂಡೆಗೆ ಹೋಗುವವರು ಮೊದಲು ಕೇಳಬೇಕಾದ್ದು ಮೂರು: ಯಾವ ತಿಂಗಳು, ಬಂಡೆಯೊಳಗೆ ಯಾವ ಲೋಹ, ಸಮುದ್ರದ ನೀರು ಯಾವಾಗ ಎಲ್ಲಿರುತ್ತದೆ. ಎಷ್ಟು ದ್ವೀಪ ಎಂಬ ಪ್ರಶ್ನೆ ಆಮೇಲಿನದು.

ತಿಂಗಳು

ನೈಋತ್ಯ ಮಾನ್ಸೂನ್ ನಮ್ಮ ಕರಾವಳಿಗೆ ಬಡಿಯುವ ಮೊದಲೇ ಆ ಕರಾವಳಿಗೆ ತಲುಪಿರುತ್ತದೆ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅತಿ ಹೆಚ್ಚು. ಪಶ್ಚಿಮಕ್ಕೆ ತೆರೆದುಕೊಂಡ ಕಡಲತೀರಗಳಲ್ಲಿ ಅಲೆ ಎದ್ದು, ಉದ್ದಬಾಲದ ನಾಡದೋಣಿಗಳು ದಡ ಸೇರುವುದೇ ಕಷ್ಟವಾಗುತ್ತದೆ. ಮಳೆಗಾಲದಲ್ಲೂ ಚಾಚಿಕೊಂಡ ಬಂಡೆಗಳ ಅಡಿ ಒಣಗಿರುವ ಜಾಗ ಸಿಗುತ್ತದೆ ಎಂಬುದು ನಿಜ, ಆದರೆ ಸುಣ್ಣಕಲ್ಲು ಒಳಗಿನಿಂದ ಜಿನುಗುತ್ತದೆ. ಮಳೆ ನಿಂತು ಎರಡು ದಿನವಾದರೂ ಹಿಡಿತಗಳು ಒದ್ದೆಯಾಗಿಯೇ ಇರಬಹುದು.

ಮೇ ತಿಂಗಳನ್ನು ಕೈಬಿಡಲು ಇನ್ನೂ ಗಟ್ಟಿಯಾದ ಕಾರಣವೊಂದಿದೆ. ತರುಟಾವ್ ರಾಷ್ಟ್ರೀಯ ಸಾಗರ ಉದ್ಯಾನವನ್ನು ಮಳೆಗಾಲದಲ್ಲಿ, ಸುಮಾರು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಮುಚ್ಚುತ್ತಾರೆ. ಅಂದರೆ ಯೋಜನೆಯ ನಡಿಗೆಯ ಭಾಗಕ್ಕೆ ಬಾಗಿಲೇ ಇರಲಿಲ್ಲ.

ನವೆಂಬರ್‌ನಿಂದ ಏಪ್ರಿಲ್ ಒಣ ಕಾಲ. ಡಿಸೆಂಬರ್, ಜನವರಿಯಲ್ಲಿ ಜನ ಕಿಕ್ಕಿರಿಯುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಸೆಖೆಗೆ ಕೈ ಬೆವರಿ, ಹಿಡಿತಕ್ಕೆಂದು ಹಚ್ಚುವ ಚಾಕ್ ಪುಡಿ ನಿಲ್ಲುವುದಿಲ್ಲ. ಹೀಗಾಗಿ ಫೆಬ್ರವರಿ. ಅದರಲ್ಲೂ 2027ರಲ್ಲಿ ಚೀನೀ ಹೊಸವರ್ಷ ಫೆಬ್ರವರಿ 6ರಂದು ಬರುತ್ತದೆ, ಆ ವಾರ ಕೋಣೆ ಮತ್ತು ದೋಣಿ ಎರಡಕ್ಕೂ ನೂಕುನುಗ್ಗಲು. ಅದು ಇಳಿಯುವ ಹೊತ್ತಿಗೆ, 11ರಂದು ಹೊರಟು 24ಕ್ಕೆ ವಾಪಸಾಗುವುದು ಎಂದು ನಿಶ್ಚಯಿಸಲಾಯಿತು.

ಇಷ್ಟು ದೂರ ಏಕೆ, ನಮ್ಮದೇ ಅಂಡಮಾನ್ ಇಲ್ಲವೇ ಎಂದು ಕೇಳುವವರಿದ್ದಾರೆ. ನಡಿಗೆಗಾದರೆ ಉತ್ತರ ಅಂಡಮಾನಿನ 732 ಮೀಟರ್ ಎತ್ತರದ ಸ್ಯಾಡಲ್ ಪೀಕ್ ಚೆನ್ನಾಗಿದೆ. ಆದರೆ ಬೋಲ್ಟ್ (ಹಗ್ಗ ಸಿಕ್ಕಿಸಲು ಬಂಡೆ ಕೊರೆದು ಕೂರಿಸುವ ಲೋಹದ ಮೊಳೆ) ಹಾಕಿ ಬೆಳೆಸಿದ ಬಂಡೆಗಳ ನೆಲೆ ಅಲ್ಲಿ ರೂಪುಗೊಂಡಿಲ್ಲ. ಈ ತಂಡಕ್ಕೆ ಎರಡೂ ಬೇಕು.

ಐದು ತಾಣ ಎರಡಕ್ಕೆ ಇಳಿದದ್ದು

ಬಂಡೆ ಹತ್ತುವವರು ಜಾಗ ಬದಲಿಸಿದ ದಿನ ಹತ್ತುವ ದಿನವಲ್ಲ. ಹಗ್ಗ, ಕ್ವಿಕ್‌ಡ್ರಾ (ಬೋಲ್ಟಿಗೆ ಹಗ್ಗ ಸಿಕ್ಕಿಸುವ ಜೋಡಿ ಕೊಂಡಿ), ಡೇರೆ ಎಲ್ಲ ಕಟ್ಟಿಕೊಂಡು ವ್ಯಾನು, ದೋಣಿ, ಮತ್ತೆ ವ್ಯಾನು ಎಂದರೆ ಬೆಳಗಿನ ತಂಪು ಹೊತ್ತು ಪೂರ್ತಿ ಹೋಯಿತು. ಐದು ತಾಣಗಳ ಪಟ್ಟಿಯಲ್ಲಿ ನಿಜವಾಗಿ ಬಂಡೆಯ ಮೇಲಿರುವ ಬೆಳಗುಗಳನ್ನು ಎಣಿಸಿದರೆ ನಾಲ್ಕೇ ಉಳಿದವು. ಆದ್ದರಿಂದ ಹತ್ತಲು ರೈಲೇ–ಟೊನ್‌ಸಾಯ್, ನಡೆಯಲು ತರುಟಾವ್, ಅಷ್ಟೇ.

ರೈಲೇ ದ್ವೀಪವಲ್ಲ, ಕ್ರಾಬಿ ಪ್ರಾಂತ್ಯದ ಭೂಚಾಚು. ಆದರೆ ಕಡಿದಾದ ಸುಣ್ಣಕಲ್ಲಿನ ಗೋಡೆಗಳು ಅದನ್ನು ಹಿಂಬದಿಯಿಂದ ಮುಚ್ಚಿರುವುದರಿಂದ ರಸ್ತೆಯಿಲ್ಲ; ಹೋಗುವುದು ಬರುವುದು ದೋಣಿಯಲ್ಲೇ. ಹಾಗಾಗಿ ಯೋಜನೆ ಮಾಡುವಾಗ ಅದನ್ನು ದ್ವೀಪವೆಂದೇ ಎಣಿಸಬೇಕು. ಪಕ್ಕದ ಕೊಲ್ಲಿ ಟೊನ್‌ಸಾಯ್.

ಇಲ್ಲಿ ಒಂದು ಎಚ್ಚರಿಕೆ. ಫಿ ಫಿ ಡಾನ್ ದ್ವೀಪದ ಮುಖ್ಯ ಹಡಗುಕಟ್ಟೆಯ ಹೆಸರೂ ಟೊನ್‌ಸಾಯ್. ಕೋಣೆ ಕಾದಿರಿಸುವ ಆಪ್‌ಗಳಲ್ಲಿ ಎರಡೂ ಒಟ್ಟೊಟ್ಟಿಗೆ ಬರುತ್ತವೆ. ಮೊದಲ ಯೋಜನೆಯಲ್ಲಿ ‘ಟೊನ್‌ಸಾಯ್, ಎರಡು ರಾತ್ರಿ’ ಎಂದು ಗುರುತು ಹಾಕಿದ್ದ ಕೋಣೆ ಇದ್ದದ್ದು ಫಿ ಫಿಯಲ್ಲಿ. ಹತ್ತಬೇಕೆಂದಿದ್ದ ಬಂಡೆಗಳು ಇದ್ದದ್ದು ಸಮುದ್ರದ ಆಚೆ. ಹಣ ಕಟ್ಟುವ ಮೊದಲು ನಕ್ಷೆಯಲ್ಲಿ ಬಿಂದು ನೋಡಿ.

ಬಂಡೆಯೊಳಗಿನ ಲೋಹ

ಇಡೀ ಯೋಜನೆಯಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಭಾಗ ಇದು, ಮೊದಲ ಕರಡಿನಲ್ಲಿ ಒಂದು ಸಾಲೂ ಇರದಿದ್ದ ಭಾಗವೂ ಇದೇ.

ರೈಲೇಯಲ್ಲಿ ಬೋಲ್ಟ್ ಹಾಕಿ ಹತ್ತುವುದು ಶುರುವಾದದ್ದು 1980ರ ದಶಕದ ಕೊನೆಯಲ್ಲಿ. ಆಗ ಹಾಕಿದ್ದು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗಳು. ಒಳನಾಡಿನಲ್ಲಿ ದಶಕಗಟ್ಟಲೆ ಬಾಳುವ ಅದೇ ಲೋಹ ಇಲ್ಲಿ ಕೆಲವೇ ವರ್ಷಗಳಲ್ಲಿ ಮುರಿಯತೊಡಗಿತು. ಕಾರಣ ಸಾಮಾನ್ಯ ತುಕ್ಕಲ್ಲ, ಸ್ಟ್ರೆಸ್ ಕೊರೋಷನ್ ಕ್ರ್ಯಾಕಿಂಗ್. ಸಮುದ್ರದ ಗಾಳಿ ತರುವ ಕ್ಲೋರೈಡ್ ಲವಣ, ಸದಾ ಇರುವ ಬೆಚ್ಚನೆಯ ತೇವ, ಹ್ಯಾಂಗರ್ (ಬೋಲ್ಟಿಗೆ ತೊಡಿಸಿದ, ಕೊಂಡಿ ಸಿಕ್ಕಿಸುವ ತಗಡು) ಬಗ್ಗಿಸುವಾಗಲೂ ನಟ್ ಬಿಗಿಯುವಾಗಲೂ ಲೋಹದೊಳಗೆ ಉಳಿದ ಎಳೆತ, ಈ ಮೂರೂ ಕೂಡಿದಾಗ 304 ದರ್ಜೆಯ ಸ್ಟೀಲ್ ಮಾತ್ರವಲ್ಲ, ‘ಮರೈನ್ ಗ್ರೇಡ್’ ಎಂದು ಮಾರುವ 316 ಕೂಡ ಒಳಗೇ ಕವಲೊಡೆದು ಬಿರುಕುಬಿಡುತ್ತದೆ. ಮೇಲ್ಮೈಯಲ್ಲಿ ಸಣ್ಣ ಕಂದು ಚುಕ್ಕೆ ಬಿಟ್ಟರೆ ಏನೂ ಕಾಣದಿರಬಹುದು. ಅಂಥ ಬೋಲ್ಟ್ ಬೀಳುವ ದೇಹದ ಭಾರಕ್ಕಿರಲಿ, ಸುಮ್ಮನೆ ಕೂತ ಭಾರಕ್ಕೂ ಮುರಿಯಬಹುದು.

ನಮ್ಮ ಅಂದಾಜು ತಪ್ಪುವುದು ಇನ್ನೊಂದು ಕಡೆ. ಮಳೆ ಬೀಳದ, ಚಾಚಿಕೊಂಡ ಬಂಡೆಯ ಒಳಮಗ್ಗುಲು ಸುರಕ್ಷಿತ ಎಂದು ಅನಿಸುತ್ತದೆ. ವಾಸ್ತವದಲ್ಲಿ ಮಳೆ ಉಪ್ಪನ್ನು ತೊಳೆದು ಹಾಕುತ್ತದೆ. ಮಳೆ ತಾಗದಲ್ಲಿ ಉಪ್ಪು ವರ್ಷಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಒಣಗಿ ಚಂದ ಕಾಣುವ ಆ ಜಾಗವೇ ಹೆಚ್ಚು ಅಪಾಯದ್ದು.

ಬಾದಾಮಿಯಲ್ಲಿ ಪಳಗಿದ ಕಣ್ಣು ‘ಹೊಳೆಯುತ್ತಿದೆ, ಅಲುಗಾಡುತ್ತಿಲ್ಲ, ಸರಿಯಿದೆ’ ಎಂದು ತೀರ್ಮಾನಿಸುತ್ತದೆ. ಇಲ್ಲಿ ಆ ತೀರ್ಮಾನಕ್ಕೆ ಬೆಲೆಯಿಲ್ಲ. ಇಲ್ಲಿ ನಂಬಬಹುದಾದ್ದು ಟೈಟಾನಿಯಂ. ಥೈಟೇನಿಯಮ್ ಪ್ರಾಜೆಕ್ಟ್ ಮತ್ತು ಸ್ಥಳೀಯ ಆರೋಹಿಗಳು ಎಪಾಕ್ಸಿ ಅಂಟಿನಿಂದ ಕೂರಿಸುವ ಟೈಟಾನಿಯಂ ಬೋಲ್ಟ್‌ಗಳನ್ನು ಹಾಕುತ್ತಾ ಬಂದು ಎಷ್ಟೋ ದಾರಿಗಳನ್ನು ಮತ್ತೆ ಹತ್ತುವಂತೆ ಮಾಡಿದ್ದಾರೆ. ಎಲ್ಲ ದಾರಿಗಳನ್ನೂ ಅಲ್ಲ.

ಗುರುತು ಹಿಡಿಯುವುದು ಹೇಗೆ? ಟೈಟಾನಿಯಂ ಬೋಲ್ಟ್ ಮಬ್ಬು ಬೂದು ಬಣ್ಣದ್ದು. ಸರಳನ್ನು ಬಗ್ಗಿಸಿದ ಕಣ್ಣು ಬಂಡೆಯಿಂದ ನೇರ ಹೊರಬಂದಿರುತ್ತದೆ, ತೂತಿನ ಸುತ್ತ ಅಂಟಿನ ಅಂಚು ಕಾಣುತ್ತದೆ. ತಗಡಿನ ಹ್ಯಾಂಗರ್, ಅದರ ಮೇಲೆ ನಟ್ ಇದ್ದರೆ ಅದು ಹಳೆಯ ಬಗೆಯ ಸ್ಟೀಲ್ ಎಂದು ಎಣಿಸಿ. ಕಂದು ಕಲೆ ಇಳಿದಿದ್ದರೆ ಟೈಟಾನಿಯಂ ಅಲ್ಲವೇ ಅಲ್ಲ. ಆದರೆ ಅಂಟಿಸಿದ ಸ್ಟೇನ್‌ಲೆಸ್ ಬೋಲ್ಟ್‌ಗಳೂ ಇರುವುದರಿಂದ ಆಕಾರವೊಂದನ್ನೇ ನಂಬುವಂತಿಲ್ಲ. ಆಯಸ್ಕಾಂತ ಹಿಡಿದು ನೋಡುವುದೂ ವ್ಯರ್ಥ, ಎರಡೂ ಹೆಚ್ಚುಕಡಿಮೆ ಅಂಟುವುದಿಲ್ಲ. ದಾರಿವಾರು ಮಾಹಿತಿಗೆ ಇತ್ತೀಚಿನ ಆವೃತ್ತಿಯ ಗೈಡ್‌ಪುಸ್ತಕ, ಮತ್ತು ಅಲ್ಲಿಗೆ ಹೋದ ಮೊದಲ ಸಂಜೆ ರೈಲೇ, ಟೊನ್‌ಸಾಯ್‌ನ ಕ್ಲೈಂಬಿಂಗ್ ಅಂಗಡಿಗಳಲ್ಲಿ ವಿಚಾರಿಸುವುದು, ಇವೆರಡೇ ದಾರಿ.

ಬೋಲ್ಟ್ ಇಲ್ಲದ ಕಡೆ ಬಂಡೆಯ ಸಹಜ ತೂತುಗಳಿಗೆ ಪೋಣಿಸಿ ಕಟ್ಟಿದ ಹಗ್ಗದ ಉಂಗುರಗಳು ಸಿಗುತ್ತವೆ. ಬಿಸಿಲಿಗೆ ನೈಲಾನ್ ಬಣ್ಣಗೆಟ್ಟು ಗಡುಸಾಗಿದ್ದರೆ ಅದನ್ನು ನೆಚ್ಚಬೇಡಿ. ಒಬ್ಬೊಬ್ಬ ಲೀಡರ್ ಬಳಿ ಬಿಟ್ಟುಬರಲು ಸಿದ್ಧವಿರುವ 7 ಮಿಲಿಮೀಟರ್ ಕಾರ್ಡ್ (ತೆಳು ಹಗ್ಗ) 5 ಮೀಟರ್, ಅದನ್ನು ತುಂಡರಿಸಲು ಮಡಿಚುವ ಚಾಕು ಇರಬೇಕು.

ತಂಡಕ್ಕೆ ಹಾಕಿಕೊಟ್ಟ ನಿಯಮ: ಆಂಕರ್ (ದಾರಿಯ ತುದಿಯಲ್ಲಿ ಹಗ್ಗ ಹಾಕಿ ಇಳಿಯುವ ಬೋಲ್ಟ್‌ಗಳು) ಟೈಟಾನಿಯಂ ಎಂದು ತಿಳಿಯದ ದಾರಿಯನ್ನು ಹತ್ತುವುದಿಲ್ಲ, ಅದು ಎಷ್ಟೇ ಸುಲಭವಾಗಿರಲಿ. ಮಧ್ಯದಲ್ಲಿ ಸಂಶಯದ ಬೋಲ್ಟ್ ಎದುರಾದರೆ ಕೊನೆಯ ಒಳ್ಳೆಯ ಬೋಲ್ಟಿಗೆ ಒಂದು ಕ್ಯಾರಬಿನರ್ (ಲೋಹದ ಕೊಂಡಿ) ಬಿಟ್ಟು ಇಳಿಯುವುದು. ಒಂದು ಕ್ಯಾರಬಿನರ್‌ನ ಬೆಲೆಗಾಗಿ ಚೌಕಾಸಿ ಮಾಡುವ ಜಾಗ ಅದಲ್ಲ. ಇದಕ್ಕೆಂದೇ ನಾಲ್ಕು ಹಳೆಯ ಕ್ಯಾರಬಿನರ್‌ಗಳು ಪಟ್ಟಿಗೆ ಸೇರಿದವು.

ಉಬ್ಬರ, ಇಳಿತ

ಆ ಕಡಲಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಸುಮಾರಿಗೆ ಅತಿ ಕಡಿಮೆ. ಮನೆಯ ಕ್ಯಾಲೆಂಡರಿನಲ್ಲೇ ಇಷ್ಟು ತಿಳಿಯುತ್ತದೆ. ಗಂಟೆ, ಮೀಟರ್ ಲೆಕ್ಕಕ್ಕೆ ಥಾಯ್ ನೌಕಾಪಡೆಯ ಜಲಮಾಪನ ವಿಭಾಗ ಹೊರತರುವ ಪಟ್ಟಿಯಿದೆ.

ಇದು ಪ್ರವಾಸಿಗೆ ಎಲ್ಲೆಲ್ಲಿ ತಾಗುತ್ತದೆ ನೋಡಿ. ರೈಲೇ ಪಶ್ಚಿಮದಿಂದ ಟೊನ್‌ಸಾಯ್‌ಗೆ ನೀರು ಇಳಿದಾಗ ಬಂಡೆಯ ಮೂತಿ ಬಳಸಿ ನಡೆದುಹೋಗಬಹುದು, ಏರಿದಾಗ ಕಾಡಿನ ದಾರಿ ಹಿಡಿಯಬೇಕು, ಅದಕ್ಕೆ ಅರ್ಧ ಗಂಟೆ. ಟೊನ್‌ಸಾಯ್‌ನ ಮುಂದೆ ಹವಳದ ದಿಬ್ಬವಿರುವುದರಿಂದ ಇಳಿತದಲ್ಲಿ ದೋಣಿ ದಡಕ್ಕೆ ಬರುವುದಿಲ್ಲ. ಚೀಲವನ್ನು ತಲೆಯ ಮೇಲಿಟ್ಟು ಚೂಪುಗಲ್ಲಿನ ನಡುವೆ ನೀರಲ್ಲಿ ನಡೆಯಬೇಕು. ಕ್ರಾಬಿಯ ಆವೊ ನಾಂಗ್ ಕಡಲತೀರದಿಂದ ಬರುವ ದೋಣಿಗೆ ಹಗಲಿನಲ್ಲಿ ತಲೆಗೆ 100 ಬಾತ್ ಆಸುಪಾಸು. ಜನ ತುಂಬಿದ ಮೇಲೆ ಹೊರಡುತ್ತದೆ, ಕತ್ತಲಾದ ಮೇಲೆ ಹೆಚ್ಚು ದುಡ್ಡು. ರೈಲೇ ಪೂರ್ವ ಇಳಿತದಲ್ಲಿ ಉದ್ದಕ್ಕೂ ಕೆಸರು, ಅಲ್ಲಿ ಹಡಗುಕಟ್ಟೆಯೇ ಗತಿ. ಕಟ್ಟುನಿಟ್ಟಿನ ಮಾತೆಂದರೆ, ಹಗ್ಗದ ಚೀಲಗಳಿರುವ ದಿನ ದೋಣಿಯನ್ನು ಉಬ್ಬರದ ಹೊತ್ತಿಗೇ ಹೊಂದಿಸಿಕೊಳ್ಳಿ.

ಹಗ್ಗವಿಲ್ಲದೆ ನೀರಿನ ಮೇಲಿನ ಬಂಡೆ ಹತ್ತಿ ಧುಮುಕುವ ಡೀಪ್ ವಾಟರ್ ಸೋಲೋ ಈ ತಂಡದ ಇನ್ನೊಂದು ಆಸೆ. ಪೋಡಾ ದ್ವೀಪದ ಕಡೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಅದಕ್ಕೆ ನೀರು ಪೂರ್ತಿ ಏರಿರಬೇಕು. 2027ರ ಫೆಬ್ರವರಿ ಹುಣ್ಣಿಮೆ 21ರ ಬೆಳಗಿನ ಜಾವಕ್ಕೆ. ಹಾಗಾಗಿ ಆ ದಿನವನ್ನು 22ಕ್ಕೆ ಇಡಲಾಯಿತು. ಹೊಸಬರಿಗೆ ಎತ್ತರದ ಮಿತಿ 8 ಮೀಟರ್. ಕಾಲು ಜೋಡಿಸಿ, ಕೈ ಮೈಗೆ ಒತ್ತಿ, ನೆಟ್ಟಗೆ ಬೀಳುವುದನ್ನು ಮೊದಲು 3 ಮೀಟರಿನಿಂದ ಅಭ್ಯಾಸ ಮಾಡಬೇಕು. ಬೆನ್ನಡಿಯಾಗಿ ಬಿದ್ದರೆ ನೀರೂ ನೆಲವೇ.

ನಡಿಗೆ ಮೊದಲು, ಬಂಡೆ ಆಮೇಲೆ

ಕರಡಿನಲ್ಲಿ ತರುಟಾವ್ ಕೊನೆಗಿತ್ತು. ಅದನ್ನು ಮೊದಲಿಗೆ ತಂದದ್ದಕ್ಕೆ ಕಾರಣಗಳಿವೆ. ಒಂದು ವಾರ ಸುಣ್ಣಕಲ್ಲು ಹಿಡಿದ ಮೇಲೆ ಬೆರಳತುದಿಯ ಚರ್ಮ ಉಳಿದಿರುವುದಿಲ್ಲ, ಚೀಲದ ಪಟ್ಟಿ ಎಳೆಯುವುದಕ್ಕೂ ಉರಿ. ಸೆಖೆಗೆ ಮೈ ಹೊಂದಿಕೊಳ್ಳಲು ಕೆಲವು ದಿನ ಬೇಕು; ಆ ದಿನಗಳನ್ನು ನಡಿಗೆಯಲ್ಲಿ ಕಳೆದರೆ ಹತ್ತುವ ದಿನಗಳು ಹಾಳಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದೂರದ ದ್ವೀಪದ ದೋಣಿ ಒಂದು ದಿನ ತಪ್ಪಿದರೂ ವಿಮಾನ ತಪ್ಪಬಾರದು.

ಫೆಬ್ರವರಿ 11ರ ರಾತ್ರಿ ಕ್ರಾಬಿ ಪಟ್ಟಣದಲ್ಲಿ ತಂಗುವುದು. ಹತ್ತುವ ಸಾಮಾನೆಲ್ಲ ಒಂದೇ ಚೀಲಕ್ಕೆ ತುಂಬಿ ವಸತಿಗೃಹದಲ್ಲಿ ಬಿಟ್ಟು, 12ಕ್ಕೆ ವ್ಯಾನಿನಲ್ಲಿ ತ್ರಾಂಗ್ ಮೂಲಕ ಪಾಕ್ ಬಾರಾ ಹಡಗುಕಟ್ಟೆ. ಅದೇ ದಿನ ದೋಣಿ ಹಿಡಿಯುವ ಹಟ ಬೇಡ. 13ರ ಬೆಳಿಗ್ಗೆ ಲಿಪೆ ದ್ವೀಪಕ್ಕೆ ಹೋಗುವ ಸ್ಪೀಡ್‌ಬೋಟಿನವರಿಗೆ ತರುಟಾವ್‌ನಲ್ಲಿ ಇಳಿಸಿ ಎಂದು ಟಿಕೆಟ್ ಕೊಳ್ಳುವಾಗಲೇ ಹೇಳಬೇಕು, ವಾಪಸಿನ ದಿನವನ್ನೂ ಬರೆಸಬೇಕು.

ತರುಟಾವ್ 1930ರ ದಶಕದ ಕೊನೆಯಲ್ಲಿ ಕೈದಿಗಳ ದ್ವೀಪವಾಗಿತ್ತು, ರಾಜಕೀಯ ಕೈದಿಗಳನ್ನೂ ಅಲ್ಲಿಟ್ಟಿದ್ದರು, ಉದ್ಯಾನವಾದದ್ದು 1974ರಲ್ಲಿ. ಕೈದಿಗಳ ನೆಲೆಗಳಿದ್ದ ತಾಲೊ ವಾವ್, ತಾಲೊ ಉಡಾಂಗ್‌ವರೆಗೂ ಹೋಗಬೇಕೆಂಬುದು ಕರಡಿನ ಬಯಕೆ. ಮುಖ್ಯ ನೆಲೆಯಾದ ಆವೊ ಪಾಂಟೆಯಿಂದ ತಾಲೊ ವಾವ್ ಸುಮಾರು 12 ಕಿಲೋಮೀಟರ್, ಅಲ್ಲಿಂದ ತಾಲೊ ಉಡಾಂಗ್ ಮತ್ತೆ ಅಷ್ಟೇ. ಹೋಗಿ ಬರಲು 48 ಕಿಲೋಮೀಟರ್, ಎರಡು ದಿನ, 32 ಡಿಗ್ರಿ ಸೆಖೆ, ಚೀಲದ ಭಾರ. ಕುದುರೆಮುಖದ ತಂಪಿನಲ್ಲಿ ದಿನಕ್ಕೆ 24 ನಡೆದವರಿಗೂ ಇದು ಆಗದ ಮಾತು. ಅದನ್ನು ಕೈಬಿಟ್ಟು ಪಶ್ಚಿಮ ದಂಡೆಯನ್ನಷ್ಟೇ ಉಳಿಸಿಕೊಳ್ಳಲಾಯಿತು.

13ರ ಸಂಜೆ ಬಿಸಿಲಿಳಿದ ಮೇಲೆ ಪಾಂಟೆಯಿಂದ ಆವೊ ಮೋಲ್ಯಾಗೆ ಸುಮಾರು 4 ಕಿಲೋಮೀಟರ್, ಅಲ್ಲೇ ಡೇರೆ. 14ಕ್ಕೆ ಡೇರೆಯನ್ನು ಹಾಗೇ ಬಿಟ್ಟು ಹಗುರ ಚೀಲದಲ್ಲಿ ಆವೊ ಸಾನ್‌ಗೆ ಹೋಗಿ ಬರುವುದು, ಒಟ್ಟು 8. 15ಕ್ಕೆ ಪಾಂಟೆಗೆ ಮರಳಿ ಸಂಜೆ 114 ಮೀಟರ್ ಎತ್ತರದ ಟೊ ಬೂ ಬಂಡೆಯ ನೆತ್ತಿ. 16ಕ್ಕೆ ದೋಣಿ, ವ್ಯಾನು, ಕ್ರಾಬಿ. ಪಾಂಟೆ, ಮೋಲ್ಯಾ ಎರಡರಲ್ಲೂ ಉದ್ಯಾನದ ಕ್ಯಾಂಟೀನ್ ಇರುವುದರಿಂದ ಒಲೆ ಬೇಡ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಹೇಗೂ ಬಿಡುವುದಿಲ್ಲ. ಆವೊ ಸಾನ್ ದಿನಕ್ಕೆ ತಲೆಗೆ 4 ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ. ಕೋತಿಗಳು ಡೇರೆಯ ಜಿಪ್ ಹರಿದು ಒಳನುಗ್ಗುತ್ತವೆ; ಊಟದ ಸಾಮಾನು ಡೇರೆಯಲ್ಲಿ ಇಡಬಾರದು, ರೇಂಜರ್ ಕಚೇರಿಯಲ್ಲಿ ಕೇಳಿ ಇಡಬೇಕು. ಮರಳುನೊಣ ಕಚ್ಚಿದ್ದು ವಾರಗಟ್ಟಲೆ ತುರಿಸುತ್ತದೆ, ಸಂಜೆ ಮರಳಿನ ಮೇಲೆ ಬರಿಮೈಯಲ್ಲಿ ಕೂರುವುದು ಬೇಡ.

17ರ ಉಬ್ಬರಕ್ಕೆ ಟೊನ್‌ಸಾಯ್. 18ಕ್ಕೆ ರೈಲೇ ಪೂರ್ವದ ಒನ್ ಟೂ ಥ್ರೀ ವಾಲ್. ಸುಲಭ ದಾರಿಗಳಿವೆ, ಕಲಿಕೆಯ ಗುಂಪುಗಳೂ ಇರುತ್ತವೆ, ಪೂರ್ವಮುಖವಾದ್ದರಿಂದ ಮಧ್ಯಾಹ್ನದ ಮೇಲೆ ನೆರಳು. 19ರ ಬೆಳಿಗ್ಗೆ ಟೊನ್‌ಸಾಯ್ ಕಡೆಯ ಗೋಡೆಗಳು, ಅಲ್ಲಿ ನೆರಳು ಬೆಳಿಗ್ಗೆಯೇ. 20 ವಿಶ್ರಾಂತಿ, ಚರ್ಮಕ್ಕೆ. 21ಕ್ಕೆ ಮತ್ತೆ ಬಂಡೆ, 22 ನೀರಿನ ಮೇಲೆ, 23ಕ್ಕೆ ಕ್ರಾಬಿ, 24ಕ್ಕೆ ವಿಮಾನ.

ಹ್ಯುಮಾನಾಲಿಟಿಯನ್ನು ತೆಗೆದುಹಾಕಿದ್ದಕ್ಕೆ ತಂಡಕ್ಕೆ ಬೇಸರವಾಗುವುದು ಸಹಜ. ಅದರ ದರ್ಜೆ 6ಬಿ+. ಒಂಟಿ ಪಿಚ್‌ನಲ್ಲಿ 6ಬಿಗೆ ತಿಣುಕುವವರು, ಐದು ಪಿಚ್ ಮೇಲೆ, ಜನಸಂದಣಿಯ ದಾರಿಯಲ್ಲಿ, ಸೆಖೆಯಲ್ಲಿ ಅದಕ್ಕೆ ಕೈಹಾಕಬಾರದು. ಬಾದಾಮಿಯ ನೇರ ಗೋಡೆಯ 6ಎಗೂ ಇಲ್ಲಿಯ ಚಾಚುಬಂಡೆಯ, ಇಳಿಬಿದ್ದ ಸುಣ್ಣಕಂಬಗಳ 6ಎಗೂ ಬಹಳ ವ್ಯತ್ಯಾಸ. ಅಲ್ಲಿ ಬೆರಳು ಸೋತರೆ ಇಲ್ಲಿ ಮುಂಗೈ ಸೋಲುತ್ತದೆ. ಮೊದಲೆರಡು ದಿನ 5 ದರ್ಜೆಯಲ್ಲೇ ಇರಲಿ.

ಹಗ್ಗ, ಭಾರ

ಒಂದು ಜೋಡಿಗೆ ಒಂದರಂತೆ ಎರಡು ಹಗ್ಗ, ತಲಾ 70 ಮೀಟರ್, 9.8 ಮಿಲಿಮೀಟರ್. ಮೀಟರಿಗೆ 63 ಗ್ರಾಂ ಎಂದರೆ 4.4 ಕಿಲೋ. ಹೆಚ್ಚಿನ ದಾರಿಗಳಿಗೆ 60 ಸಾಕಾಗುತ್ತದೆ, ಆದರೆ 30 ಮೀಟರ್ ದಾಟುವ ದಾರಿಗಳೂ ಇವೆ. ಇಳಿಸುವಾಗ ಹಗ್ಗದ ತುದಿ ಬಿಲೇ ಸಾಧನದಿಂದ (ಕೆಳಗಿರುವವರು ಹಗ್ಗವನ್ನು ತಡೆದು ಹಿಡಿಯುವ ಸಾಧನ) ಜಾರಿಹೋಗುವುದೇ ಇಲ್ಲಿಯ ದೊಡ್ಡ ಅಪಾಯಗಳಲ್ಲೊಂದು. ತುದಿಗೆ ಗಂಟು ಹಾಕದೆ ಯಾರೂ ನೆಲ ಬಿಡಬಾರದು. ಚಾಚುಬಂಡೆಯಿಂದ ಇಳಿಯುವವರು ಗಾಳಿಯಲ್ಲಿ ತೂಗಾಡುತ್ತಾರೆ. ಕ್ವಿಕ್‌ಡ್ರಾ ಬಿಚ್ಚಿಕೊಂಡು ಬರಲು ಹಾರ್ನೆಸ್‌ನಿಂದ (ಸೊಂಟಕ್ಕೆ ಕಟ್ಟುವ ಪಟ್ಟಿ) ಒಂದು ಕ್ವಿಕ್‌ಡ್ರಾವನ್ನು ಬಿಲೇ ಕಡೆಯ ಹಗ್ಗಕ್ಕೆ ಸಿಕ್ಕಿಸಿಕೊಂಡೇ ಇಳಿಯಬೇಕು, ಅತ್ಯಂತ ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಆ ಕೊಂಡಿ ತೆಗೆಯಬೇಕು. ಮರೆತರೆ ತೂಗಿಹೋಗಿ ಬಿಲೇ ಮಾಡುವವರನ್ನೂ ಎಳೆದುಕೊಂಡು ಹೋಗುತ್ತದೆ.

ಜೋಡಿಗೆ 16 ಕ್ವಿಕ್‌ಡ್ರಾ, 1.7 ಕಿಲೋ. 120 ಸೆಂಟಿಮೀಟರ್ ಸ್ಲಿಂಗ್ ಎರಡು, ಲಾಕಿಂಗ್ ಕ್ಯಾರಬಿನರ್‌ಗಳು, ಕಾರ್ಡ್ ಸೇರಿ 0.8. ಹಂಚಿಕೊಂಡರೆ ತಲೆಗೆ ಮೂರೂವರೆ ಕಿಲೋ, ಅದರ ಮೇಲೆ ಹಾರ್ನೆಸ್, ಶೂ, ಹೆಲ್ಮೆಟ್, ಬಿಲೇ ಸಾಧನ, ಚಾಕ್ ಚೀಲಕ್ಕೆ 1.6. ಒಟ್ಟು 5 ಕಿಲೋ ಚಿಲ್ಲರೆ. ಡೇರೆ, ಬಟ್ಟೆ ಸೇರಿಸಿದರೂ 20 ಕಿಲೋದೊಳಗೆ ಮುಗಿಯುತ್ತದೆ. ದಪ್ಪ ಸ್ಲೀಪಿಂಗ್ ಬ್ಯಾಗ್ ಬೇಡ, ಹತ್ತಿಯ ಹೊದಿಕೆ ಸಾಕು.

ಕೆಟ್ಟ ದಿನಕ್ಕೆ

ಟೊನ್‌ಸಾಯ್‌ನಲ್ಲಿ ಕಾಲು ಮುರಿದರೆ ಆಂಬುಲೆನ್ಸ್ ಬರುವುದಿಲ್ಲ; ದೋಣಿ, ಆಮೇಲೆ ರಸ್ತೆ, ಆಮೇಲೆ ಕ್ರಾಬಿ ಪಟ್ಟಣದ ಆಸ್ಪತ್ರೆ. ತುರ್ತು ವೈದ್ಯಕೀಯ ಸೇವೆಗೆ 1669, ಪ್ರವಾಸಿ ಪೊಲೀಸರಿಗೆ 1155. ದೋಣಿಯವರ ಫೋನ್ ನಂಬರನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ, ರಾತ್ರಿ ಅದೇ ಕೆಲಸಕ್ಕೆ ಬರುವುದು. ಪ್ರವಾಸ ವಿಮೆಯ ಕಾಗದದಲ್ಲಿ ಹೊರತುಪಡಿಸಿದ ಚಟುವಟಿಕೆಗಳ ಪಟ್ಟಿ ಓದಿ. ‘ಸಾಹಸ ಕ್ರೀಡೆ ಸೇರಿದೆ’ ಎಂದು ಮೊದಲ ಪುಟದಲ್ಲಿ ಬರೆದು, ಹಗ್ಗ ಬಳಸುವ ಆರೋಹಣವನ್ನು ಒಳಪುಟದಲ್ಲಿ ಕೈಬಿಟ್ಟ ಪಾಲಿಸಿಗಳು ಎಷ್ಟೋ ಇವೆ. ಈಜುವಾಗ ಬಾಕ್ಸ್ ಜೆಲ್ಲಿಮೀನು ಸೋಕಿದರೆ ಸಿಹಿನೀರು ಹಾಕಬಾರದು, ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿಯಬೇಕು. ಒಂದು ಬಾಟಲಿ ಚೀಲದಲ್ಲಿರಲಿ. ಹವಳ ಗೀರಿದ ಗಾಯ ಸಣ್ಣದಿದ್ದರೂ ಸಾಬೂನು, ಶುದ್ಧ ನೀರು ಹಾಕಿ ಉಜ್ಜಿ ತೊಳೆಯದಿದ್ದರೆ ಕೀವಾಗುತ್ತದೆ.

ಟೊನ್‌ಸಾಯ್‌ನಲ್ಲಿ ಎಟಿಎಂ ಇಲ್ಲ. ವಿದೇಶಿ ಕಾರ್ಡಿಗೆ ಪ್ರತಿ ಬಾರಿಯೂ ಶುಲ್ಕ ಬೀಳುವುದರಿಂದ ಕ್ರಾಬಿಯಲ್ಲೇ ಒಮ್ಮೆಗೆ ತೆಗೆದುಕೊಳ್ಳುವುದು ಲೇಸು. ಉದ್ಯಾನದ ಶುಲ್ಕಕ್ಕೂ ನಗದೇ ಇರಲಿ. 2025ರ ಮೇ 1ರಿಂದ ಥಾಯ್ಲೆಂಡಿಗೆ ಬರುವ ವಿದೇಶಿಯರೆಲ್ಲ ಡಿಜಿಟಲ್ ಆಗಮನ ಕಾರ್ಡನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ತಲುಪುವ ದಿನಕ್ಕೆ ಮೂರು ದಿನ ಮುಂಚಿನಿಂದ ಅವಕಾಶ. ಅದು ವೀಸಾ ಅಲ್ಲ. ಭಾರತೀಯರ ವೀಸಾ ನಿಯಮ ಆಗಾಗ ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ದಿನವೇ ರಾಯಭಾರ ಕಚೇರಿಯ ಪುಟದಲ್ಲಿ ನೋಡಿ.

23ರ ಮಧ್ಯಾಹ್ನ ಕ್ರಾಬಿಯಲ್ಲಿ ಬೇರೇನೂ ಇಟ್ಟುಕೊಂಡಿಲ್ಲ. ಹಗ್ಗವನ್ನು ಸೋಪಿಲ್ಲದ ಸಿಹಿನೀರಲ್ಲಿ ಎರಡು ಸಲ ನೆನೆಸಿ ನೆರಳಲ್ಲಿ ಹರಡಬೇಕು. ಕ್ಯಾರಬಿನರ್‌ಗಳ ಗೇಟನ್ನು ಬೆಚ್ಚಗಿನ ನೀರಲ್ಲಿ ತೆರೆದು ಮುಚ್ಚಿ ಉಪ್ಪು ಬಿಡಿಸಿ, ಒಣಗಿದ ಮೇಲೆ ಸ್ಪ್ರಿಂಗಿಗೆ ಒಂದು ಹನಿ ಎಣ್ಣೆ ಬಿಡಬೇಕು. ಹಾಗೇ ಚೀಲಕ್ಕೆ ತುಂಬಿದರೆ ಬೆಂಗಳೂರು ಮುಟ್ಟಿದ ಕೆಲವೇ ವಾರಗಳಲ್ಲಿ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದು ಗೇಟು ಹಿಡಿದುಕೊಳ್ಳುತ್ತದೆ, ಮುಂದಿನ ಬಾದಾಮಿ ಪ್ರವಾಸಕ್ಕೆ 32 ಕ್ವಿಕ್‌ಡ್ರಾಗಳಲ್ಲಿ ಎಷ್ಟು ಕೆಲಸಕ್ಕೆ ಬರುತ್ತವೆ ಎಂದು ಒಂದೊಂದಾಗಿ ನೋಡುತ್ತಾ ಕೂರಬೇಕಾಗುತ್ತದೆ.